ಕೇಳಿ, ಹೇಳುತ್ತೇವೆ: ನೆಗೆಟಿವ್‌ಗೆ ಯಾವ ಸ್ಕ್ಯಾನರ್?

ಅಟ್ಟದಿಂದ ಇಳಿಸಿದ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಸುರುಳಿ ಸುತ್ತಿಕೊಂಡ ನೆಗೆಟಿವ್‌ಗಳು, ಕೊನೆಗೆ ‘ಯಾವ ಸ್ಕ್ಯಾನರ್ ಕೊಳ್ಳಲಿ?’ ಎಂಬ ಪ್ರಶ್ನೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಹೀಗೇ ಇವೆ. ಡಬ್ಬಿಯಲ್ಲಿ ಇರುವುದೇನು ಎಂದು ಬರೆದವರು ಕಡಿಮೆ. 35 ಮಿಮೀ ಫಿಲ್ಮೋ ಅದಕ್ಕಿಂತ ಅಗಲವಾದ 120 ರೋಲೋ, ಬಣ್ಣದ್ದೋ ಕಪ್ಪು-ಬಿಳುಪೋ, ಎಷ್ಟು ಫ್ರೇಮುಗಳಿವೆ, ಪಟ್ಟಿ ಚಪ್ಪಟೆಯಾಗಿದೆಯೋ ಬಾಗಿದೆಯೋ ಎಂಬುದು ತಿಳಿಯದೆ ಯಂತ್ರದ ಹೆಸರು ಹೇಳುವುದು ಕಾಲಿನ ಅಳತೆ ನೋಡದೆ ಚಪ್ಪಲಿ ಕೊಟ್ಟಂತೆ. ಆ ವಿವರ ಬರೆದವರ ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಹೊಸ ಪ್ಲಸ್‌ಟೆಕ್ ಸ್ಕ್ಯಾನರ್ 7200 ಡಿಪಿಐ ಎನ್ನುತ್ತದೆ. ಎಪ್ಸನ್ ಫ್ಲಾಟ್‌ಬೆಡ್ 6400 ಎನ್ನುತ್ತದೆ. ಇಪ್ಪತ್ತು ವರ್ಷ ಹಳೆಯ ನಿಕಾನ್ ಕೂಲ್‌ಸ್ಕ್ಯಾನ್ ಬರೀ 4000. ಆದರೂ ಹಳೆಯದಕ್ಕೇ ಬೆಲೆ ಹೆಚ್ಚು, ಏಕೆ? ನನ್ನಲ್ಲಿ ಸುಮಾರು 900 ಬಣ್ಣದ 35 ಮಿಮೀ ಫ್ರೇಮುಗಳಿವೆ. (ಶಿವಮೊಗ್ಗ)

ಉತ್ತರ: ಪೆಟ್ಟಿಗೆಯ ಮೇಲಿನ ಅಂಕಿ ಹೇಳುವುದು ಸೆನ್ಸರ್ ಮತ್ತು ಮೋಟಾರು ಸೇರಿ ಒಂದು ಅಂಗುಲವನ್ನು ಎಷ್ಟು ಚುಕ್ಕಿಗಳಾಗಿ ಕತ್ತರಿಸುತ್ತವೆ ಎಂಬುದನ್ನು ಮಾತ್ರ. ಮಧ್ಯದಲ್ಲಿರುವ ಲೆನ್ಸು ಅಷ್ಟು ಸೂಕ್ಷ್ಮ ವಿವರವನ್ನು ಸೆನ್ಸರಿಗೆ ತಲುಪಿಸುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಇದನ್ನು ಅಳೆಯಲು 1951ರ ಅಮೆರಿಕ ವಾಯುಪಡೆಯ ರೇಖಾಪಟವನ್ನು ಇಂದಿಗೂ ಬಳಸುತ್ತಾರೆ. ಗಾಜಿನ ಮೇಲೆ ಮೂರು ಮೂರು ಗೆರೆಗಳ ಗುಂಪುಗಳು ಸಣ್ಣದಾಗುತ್ತ ಹೋಗುತ್ತವೆ. ಸ್ಕ್ಯಾನ್‌ನಲ್ಲಿ ಗೆರೆಗಳು ಕೊನೆಯದಾಗಿ ಬಿಡಿಬಿಡಿಯಾಗಿ ಕಾಣುವ ಗುಂಪನ್ನು ಹುಡುಕಿ, ಒಂದು ಮಿಲಿಮೀಟರಿಗೆ ಎಷ್ಟು ಜೋಡಿ ಗೆರೆ ಎಂಬ ಸಂಖ್ಯೆಯನ್ನು 50.8ರಿಂದ ಗುಣಿಸಿದರೆ ನಿಜವಾದ ಡಿಪಿಐ ಸಿಗುತ್ತದೆ. ಆರನೇ ಗುಂಪಿನ ಮೊದಲ ಸಾಲು ಮಿಲಿಮೀಟರಿಗೆ 64 ಜೋಡಿ, ಅಂದರೆ 3251 ಡಿಪಿಐ.

ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 8100 ಮತ್ತು 8200ಐ ನಿಲ್ಲುವುದು ಹೆಚ್ಚುಕಡಿಮೆ ಅಲ್ಲೇ, 3200ರಿಂದ 3600ರೊಳಗೆ. ಎಪ್ಸನ್ ವಿ700, ವಿ800, ವಿ850 ಸರಣಿ 2300ರ ಆಸುಪಾಸು, ವಿ600 ಸುಮಾರು 1600. ಕೂಲ್‌ಸ್ಕ್ಯಾನ್ 4000 ಎಂದರೆ 3900ರವರೆಗೆ ಕೊಡುತ್ತದೆ, ಹೇಳಿದ ಮಾತಿಗೆ ತಪ್ಪದ ಯಂತ್ರ ಅದೊಂದೇ ಎನ್ನಬಹುದು. ಅಮೆರಿಕದಲ್ಲಿ ಪೆಸಿಫಿಕ್ ಇಮೇಜ್, ಯೂರೋಪಿನಲ್ಲಿ ರಿಫ್ಲೆಕ್ಟಾ ಎಂಬ ಹೆಸರಿನಲ್ಲಿ ಮಾರುವ ಯಂತ್ರಗಳ ಮೇಲೆ 10000 ಎಂದು ಬರೆದಿರುತ್ತದೆ, ಸಿಗುವುದು 4000ದ ಅಕ್ಕಪಕ್ಕ. ಅದು ಕಳಪೆಯಲ್ಲ, ಒಳ್ಳೆಯ ಅಂಕಿಯೇ. ಬರೆದದ್ದು ಮಾತ್ರ ಉಬ್ಬಿಸಿದ್ದು.

ಈಗ ನಿಮ್ಮ ಫಿಲ್ಮಿನ ಲೆಕ್ಕ. 36×24 ಮಿಮೀ ಫ್ರೇಮನ್ನು 4000 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 5669×3780 ಪಿಕ್ಸೆಲ್, 21 ಮೆಗಾಪಿಕ್ಸೆಲ್‌ಗೂ ತುಸು ಹೆಚ್ಚು. 300 ಡಿಪಿಐ ಮುದ್ರಣಕ್ಕೆ 18×12 ಅಂಗುಲ ಸಲೀಸು. 7200ರಲ್ಲಿ ಅದೇ ಫ್ರೇಮು 69 ಮೆಗಾಪಿಕ್ಸೆಲ್ ಆಗುತ್ತದೆ. 48 ಬಿಟ್ ಟಿಫ್ ಕಡತ 400 ಎಂಬಿ ದಾಟುತ್ತದೆ, ವಿವರ ಮಾತ್ರ 3500ರದ್ದೇ. ಉಳಿದದ್ದು ಹಾಲಿಗೆ ಬೆರೆಸಿದ ನೀರು. ಪ್ಲಸ್‌ಟೆಕ್ ಕೊಂಡರೆ 3600ರಲ್ಲಿ ಸ್ಕ್ಯಾನ್ ಮಾಡಿ. ತೀರಾ ಮುಖ್ಯವಾದ ಹತ್ತಿಪ್ಪತ್ತು ಫ್ರೇಮುಗಳನ್ನು 7200ರಲ್ಲಿ ತೆಗೆದು ಅರ್ಧಕ್ಕೆ ಇಳಿಸಿದರೆ ಗ್ರೇನು, ಅಂದರೆ ಫಿಲ್ಮಿನ ತರಿ, ಸ್ವಲ್ಪ ನಯವಾಗುತ್ತದೆ. ಒಂದೊಂದಕ್ಕೂ ಹಲವು ನಿಮಿಷ ಹಿಡಿಯುತ್ತದೆ ಎಂಬುದು ಗೊತ್ತಿರಲಿ.

900 ಫ್ರೇಮಿಗೆ ನಮ್ಮ ಸಲಹೆ 8200ಐ. 8100ಕ್ಕೂ ಇದಕ್ಕೂ ಲೆನ್ಸು, ಸೆನ್ಸರ್ ಒಂದೇ. ವ್ಯತ್ಯಾಸ ಇರುವುದು ಧೂಳು-ಗೀರು ಗುರುತಿಸುವ ಇನ್‌ಫ್ರಾರೆಡ್ ದೀಪದಲ್ಲಿ. ಬಣ್ಣದ ಫಿಲ್ಮಿಗೆ ಆ ದೀಪವಿಲ್ಲದ ಯಂತ್ರ ಕೊಂಡು ದುಡ್ಡು ಉಳಿಸಿದವರು ಆಮೇಲೆ ಒಂದೊಂದು ಚುಕ್ಕಿಯನ್ನೂ ಮೌಸಿನಲ್ಲಿ ಒರೆಸುತ್ತ ಕೂರಬೇಕಾಗುತ್ತದೆ. ಇದರ ಕೊರತೆ ಎರಡು. ಹೋಲ್ಡರಿನಲ್ಲಿ ಆರು ಫ್ರೇಮು ಕೂರುತ್ತವೆ, ಆದರೆ ಒಂದೊಂದಕ್ಕೂ ಕೈಯಿಂದಲೇ ತಳ್ಳಬೇಕು. ಫೋಕಸ್ ಕಾರ್ಖಾನೆಯಲ್ಲೇ ನಿಗದಿಯಾಗಿರುವುದರಿಂದ ಫಿಲ್ಮು ಬಾಗಿದ್ದರೆ ಮಧ್ಯ ಚೊಕ್ಕ, ಅಂಚು ಮಸುಕು. ಬಾಗಿದ ಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿ, ದಪ್ಪ ಪುಸ್ತಕಗಳ ಕೆಳಗೆ ಒಂದು ವಾರ ಇಟ್ಟು ಶುರು ಮಾಡಿ.

ಪ್ರಶ್ನೆ: ಬಳಸಿದ ಕೂಲ್‌ಸ್ಕ್ಯಾನ್ ವಿ ಮತ್ತು 5000 ಎರಡೂ ಮಾರಾಟಕ್ಕಿವೆ. ಏನು ನೋಡಿ ಕೊಳ್ಳಬೇಕು? (ಹುಬ್ಬಳ್ಳಿ)

ಉತ್ತರ: ಮೊದಲು ಹಿಂಬದಿಯ ಕಿಂಡಿ ನೋಡಿ. ಕೂಲ್‌ಸ್ಕ್ಯಾನ್ ವಿ, ಅಂದರೆ ಎಲ್‌ಎಸ್-50, ಮತ್ತು 5000 ಅಂದರೆ ಎಲ್‌ಎಸ್-5000, ಎರಡಕ್ಕೂ ಯುಎಸ್‌ಬಿ 2.0 ಇದೆ. ಇಂದಿನ ಕಂಪ್ಯೂಟರಿಗೆ ನೇರ ಜೋಡಿಸಬಹುದು. ಎಲ್‌ಎಸ್-4000, 8000, 9000ಕ್ಕೆ ಫೈರ್‌ವೈರ್ ಎಂಬ ಹಳೆಯ ಬಗೆಯ ಕಿಂಡಿ ಬೇಕು. ಅದಕ್ಕಿಂತ ಹಳೆಯ ಎಲ್‌ಎಸ್-30, ಎಲ್‌ಎಸ್-2000ಕ್ಕೆ ಸ್ಕಸಿ ಬೇಕು, ಅವು 2700 ಡಿಪಿಐ. ಅಗ್ಗವೆಂದು ಇವನ್ನು ತಂದರೆ ಜೊತೆಗೊಂದು ಹಳೆಯ ಕಂಪ್ಯೂಟರನ್ನೂ ಸಾಕಬೇಕು.

ವಿ ಮತ್ತು 5000ದ ಚಿತ್ರದಲ್ಲಿ ವ್ಯತ್ಯಾಸ ಕಡಿಮೆ. ಒಂದು 14 ಬಿಟ್, ಇನ್ನೊಂದು 16. ನೆಗೆಟಿವ್‌ಗಳ ಸಾಂದ್ರತೆ ಸ್ಲೈಡಿನಷ್ಟು ಗಾಢವಲ್ಲದ ಕಾರಣ ಆ ಎರಡು ಬಿಟ್ ಕಣ್ಣಿಗೆ ಬೀಳುವುದೇ ಅಪರೂಪ. 5000ದ ಹೆಚ್ಚುಗಾರಿಕೆ ಇರುವುದು ವೇಗದಲ್ಲಿ, ಒಂದೇ ಗೆರೆಯನ್ನು ಹಲವು ಬಾರಿ ಓದಿ ನಾಯ್ಸ್ ತಗ್ಗಿಸುವುದರಲ್ಲಿ, ಮತ್ತು ಐವತ್ತು ಸ್ಲೈಡು ಒಟ್ಟಿಗೆ ನುಂಗುವ ಎಸ್‌ಎಫ್-210, ಇಡೀ ರೋಲು ಎಳೆದುಕೊಳ್ಳುವ ಎಸ್‌ಎ-30 ಎಂಬ ಜೋಡಣೆಗಳಲ್ಲಿ. ನಿಮ್ಮಲ್ಲಿರುವುದು ಕತ್ತರಿಸಿದ ಪಟ್ಟಿಗಳೇ ಆದರೆ ವಿ ಸಾಕು.

ಅಂಗಡಿಯಲ್ಲೋ ಮಾರುವವರ ಮನೆಯಲ್ಲೋ ಕೂತು ಮಾಡಬೇಕಾದ ಪರೀಕ್ಷೆ ಇಷ್ಟು. ಸ್ವಿಚ್ ಹಾಕಿದ ಮೇಲೆ ಯಂತ್ರ ಗರಗರ ಎಂದು ಸದ್ದು ಮಾಡಿ, ದೀಪ ಮಿನುಗಿ, ಒಂದೆರಡು ನಿಮಿಷದೊಳಗೆ ಸ್ಥಿರವಾಗಬೇಕು. ದೀಪ ವೇಗವಾಗಿ ಮಿನುಗುತ್ತಲೇ ಇದ್ದರೆ ದೋಷವಿದೆ. ಆಮೇಲೆ, ಕಪ್ಪು ಚೌಕಟ್ಟಿನ ಒಂದು ಸ್ಲೈಡು ಹಾಕಿ ಸ್ಕ್ಯಾನ್ ಮಾಡಿ. ಬಿಳಿ ಆಕಾಶ ಕಪ್ಪು ಚೌಕಟ್ಟನ್ನು ತಾಗುವ ಅಂಚಿನಲ್ಲಿ ಹೊಗೆಯಂತೆ ಬೆಳಕು ಸೋರಿದ್ದರೆ ಒಳಗಿನ ಕನ್ನಡಿಯ ಮೇಲೆ ಧೂಳಿನ ಪದರ ಕೂತಿದೆ ಎಂದರ್ಥ. ನೆಗೆಟಿವ್‌ನಲ್ಲಿ ಇದೇ ದೋಷ ತಿರುವುಮುರುವಾಗಿ, ಬಿಳಿ ಪಂಚೆಯ ಅಂಚಿನ ಮೇಲೆ ಕಪ್ಪು ಮಬ್ಬಾಗಿ ಕಾಣುತ್ತದೆ. ಹಳೆಯ ಕೂಲ್‌ಸ್ಕ್ಯಾನ್‌ಗಳಲ್ಲಿ ಇದು ತೀರಾ ಸಾಮಾನ್ಯ. ಹೊದಿಕೆ ಬಿಚ್ಚಿ ಕನ್ನಡಿ ಒರೆಸಿದರೆ ಸರಿಹೋಗುತ್ತದೆ. ಆದರೆ ಅದರ ಬೆಳ್ಳಿಲೇಪ ಮುಂಬದಿಯಲ್ಲೇ ಇರುವುದರಿಂದ ಬಟ್ಟೆಯಿಂದ ಉಜ್ಜಿದರೆ ಗೀರು ಶಾಶ್ವತ. ಮೊದಲು ಗಾಳಿ ಊದಿ, ಆಮೇಲೆ ಶುದ್ಧ ಆಲ್ಕೋಹಾಲಿನಲ್ಲಿ ಅದ್ದಿದ ಲೆನ್ಸ್ ಕಾಗದವನ್ನು ತನ್ನ ಭಾರದಲ್ಲೇ ಒಮ್ಮೆ ಎಳೆಯಬೇಕು. ಕ್ಯಾಮೆರಾ ರಿಪೇರಿ ಬಲ್ಲವರಿಗೆ ಕೊಟ್ಟರೆ ಮೇಲು.

ಜೊತೆಗೆ ಏನೇನು ಸಿಗುತ್ತದೆ ಎಂದು ಕೇಳಿ. ಎಸ್‌ಎ-21 ಪಟ್ಟಿಯನ್ನು ತಾನೇ ಎಳೆದುಕೊಳ್ಳುತ್ತದೆ, ಆದರೆ ಎರಡರಿಂದ ಆರು ಫ್ರೇಮಿನ ಪಟ್ಟಿ ಬೇಕು. ಒಂಟಿ ಫ್ರೇಮಿಗೆ ಎಂಎ-21 ಜೊತೆ ಎಫ್‌ಎಚ್-3 ಹೋಲ್ಡರ್ ಬೇಕು. ಇವು ಬೇರೆಯಾಗಿ ಹುಡುಕಿದರೆ ಬೆಲೆ ಕಿವಿ ಹಿಂಡುತ್ತದೆ. ಎಫ್‌ಎಚ್-3 ಇನ್ನೊಂದಕ್ಕೂ ಒಳ್ಳೆಯದು. ಕೂಲ್‌ಸ್ಕ್ಯಾನಿನ ಎಲ್‌ಇಡಿ ಬೆಳಕು ಮಂದ, ಅದಕ್ಕೆ ಲೆನ್ಸಿನ ಕಿಂಡಿ ದೊಡ್ಡದು, ಹೀಗಾಗಿ ಫೋಕಸಿನ ಆಳ ತೀರಾ ತೆಳು. ಬಾಗಿದ ಫಿಲ್ಮು ಎಸ್‌ಎ-21ರಲ್ಲಿ ಹೋದರೆ ಮೂಲೆಗಳು ಮಸುಕಾಗುತ್ತವೆ, ಎಫ್‌ಎಚ್-3 ನಾಲ್ಕೂ ಅಂಚು ಒತ್ತಿ ಹಿಡಿಯುತ್ತದೆ. ಫೋಕಸ್ ಬಿಂದುವನ್ನು ನಟ್ಟನಡುವೆ ಇಡದೆ ನಡುವಿಗೂ ಅಂಚಿಗೂ ಅರ್ಧದಾರಿಯಲ್ಲಿ ಇಡುವುದು ಹಳೆಯ ಉಪಾಯ.

ನಿಕಾನಿನ ಸ್ವಂತ ತಂತ್ರಾಂಶ ವಿಂಡೋಸ್ ವಿಸ್ಟಾ ಕಾಲಕ್ಕೇ ನಿಂತುಹೋಯಿತು. ಅದರ ಬದಲಿಗೆ ಬೇಕಾಗುವ ವ್ಯೂಸ್ಕ್ಯಾನ್ ಅಥವಾ ಸಿಲ್ವರ್‌ಫಾಸ್ಟ್ ತಂತ್ರಾಂಶದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಮಿನೋಲ್ಟಾ ಸ್ಕ್ಯಾನ್ ಎಲೀಟ್ 5400 ಸಿಕ್ಕರೆ ಅದೂ ಬಹಳ ಚೂಪಾದ ಯಂತ್ರ. ಆದರೆ ಕೊನಿಕಾ ಮಿನೋಲ್ಟಾ ಕ್ಯಾಮೆರಾ ವ್ಯವಹಾರದಿಂದಲೇ 2006ರಲ್ಲಿ ಹೊರನಡೆಯಿತು. ಕೆಟ್ಟರೆ ಅದರ ಬಿಡಿಭಾಗ ಸಿಗುವುದು ಕೆಟ್ಟ ಇನ್ನೊಂದು 5400ರಿಂದಲೇ.

ಪ್ರಶ್ನೆ: ಇನ್‌ಫ್ರಾರೆಡ್‌ನಿಂದ ಧೂಳು-ಗೀರು ಅಳಿಸುವ ಡಿಜಿಟಲ್ ಐಸ್ ಹಾಕಿದರೆ ಬಣ್ಣದ ಫಿಲ್ಮು ಚೆನ್ನಾಗಿ ಬರುತ್ತದೆ. ಕಪ್ಪು-ಬಿಳುಪಿನ ನೆಗೆಟಿವ್‌ನಲ್ಲಿ ಮುಖಗಳೇ ಕರಗಿದಂತೆ ಆಗುತ್ತದೆ. ಸ್ಕ್ಯಾನರ್ ಕೆಟ್ಟಿದೆಯೇ? ಕೆಲವು ಪಟ್ಟಿಗಳಲ್ಲಿ ಬೂಷ್ಟೂ ಇದೆ. (ಮಂಗಳೂರು)

ಉತ್ತರ: ಸ್ಕ್ಯಾನರ್ ಕೆಟ್ಟಿಲ್ಲ. ಬಣ್ಣದ ನೆಗೆಟಿವ್‌ನಲ್ಲಿ ಸಂಸ್ಕರಣೆಯ ಕೊನೆಗೆ ಬೆಳ್ಳಿಯೆಲ್ಲ ತೊಳೆದುಹೋಗಿ ಬಣ್ಣದ ದ್ರವ್ಯ ಮಾತ್ರ ಉಳಿಯುತ್ತದೆ. ಇನ್‌ಫ್ರಾರೆಡ್ ಕಿರಣಕ್ಕೆ ಆ ದ್ರವ್ಯ ಗಾಜಿನಂತೆ ಪಾರದರ್ಶಕ, ಧೂಳು ಮತ್ತು ಗೀರು ಮಾತ್ರ ಅಡ್ಡ ಬರುತ್ತವೆ. ಹಾಗಾಗಿ ಇನ್‌ಫ್ರಾರೆಡ್‌ನಲ್ಲಿ ತೆಗೆದ ನಾಲ್ಕನೇ ಚಿತ್ರ ಬರೀ ಕೊಳೆಯ ನಕ್ಷೆಯಾಗಿರುತ್ತದೆ. ತಂತ್ರಾಂಶ ಆ ನಕ್ಷೆ ನೋಡಿಕೊಂಡು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ತೇಪೆ ಹಾಕುತ್ತದೆ. ಕಪ್ಪು-ಬಿಳುಪಿನಲ್ಲಿ ಚಿತ್ರವೇ ಬೆಳ್ಳಿಯ ಕಣ. ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುವುದರಿಂದ ಯಂತ್ರಕ್ಕೆ ನಿಮ್ಮ ಅಜ್ಜನ ಮುಖವೂ ಧೂಳಾಗಿಯೇ ಕಾಣುತ್ತದೆ, ಅದನ್ನೂ ‘ಸರಿ’ ಮಾಡಿಬಿಡುತ್ತದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಫಿಲ್ಮಿರಲಿ, ಇಲ್‌ಫೋರ್ಡ್ ಎಚ್‌ಪಿ5 ಇರಲಿ, ಕೊಡಾಕ್ ಟ್ರೈ-ಎಕ್ಸ್ ಇರಲಿ, ಬೆಳ್ಳಿಯ ಫಿಲ್ಮಿಗೆ ಐಸ್ ಬಂದ್ ಮಾಡಲೇಬೇಕು. ಬಣ್ಣದ ರಾಸಾಯನಿಕದಲ್ಲೇ ತೊಳೆಯುವ ಇಲ್‌ಫೋರ್ಡ್ ಎಕ್ಸ್‌ಪಿ2ನಂಥ ಫಿಲ್ಮುಗಳು ಮಾತ್ರ ಇದಕ್ಕೆ ಹೊರತು, ಅವುಗಳಲ್ಲಿ ಕೊನೆಗೆ ಉಳಿಯುವುದು ಬೆಳ್ಳಿಯಲ್ಲ, ದ್ರವ್ಯ. ವಿದೇಶದಲ್ಲಿದ್ದ ನೆಂಟರು ತಂದ ಕೊಡಾಕ್ರೋಮ್ ಸ್ಲೈಡುಗಳಿದ್ದರೆ ಅಲ್ಲೂ ಎಚ್ಚರ ಬೇಕು. ಅದರ ನೀಲಿ-ಹಸಿರು ದ್ರವ್ಯ ಇನ್‌ಫ್ರಾರೆಡ್ಡನ್ನು ಅಷ್ಟಿಷ್ಟು ಹೀರುತ್ತದೆ, ಗಾಢ ಭಾಗಗಳ ಅಂಚು ಕದಡುತ್ತದೆ.

ಕಪ್ಪು-ಬಿಳುಪಿಗೆ ಇನ್ನೊಂದು ವಿಷಯ. ಕೂಲ್‌ಸ್ಕ್ಯಾನಿನಂಥ ನೇರಕಿರಣದ ಬೆಳಕಿನಲ್ಲಿ ಬೆಳ್ಳಿಯ ಕಣಗಳು ಬೆಳಕನ್ನು ಚದುರಿಸಿ ಕಾಂಟ್ರಾಸ್ಟ್ ಏರಿಸುತ್ತವೆ, ಗೀರುಗಳೂ ಎದ್ದು ಕಾಣುತ್ತವೆ. ಇದಕ್ಕೆ ಕ್ಯಾಲಿಯೆ ಪರಿಣಾಮ ಎಂದು ಹೆಸರು. ಎಪ್ಸನ್ ಫ್ಲಾಟ್‌ಬೆಡ್‌ನ ಹರಡಿದ ಬೆಳಕಿನಲ್ಲಿ ಅದೇ ನೆಗೆಟಿವ್ ಮೃದುವಾಗಿ ಬರುತ್ತದೆ. ವಿವರ ಕಡಿಮೆ, ಒರೆಸುವ ಕೆಲಸವೂ ಕಡಿಮೆ.

ಬೂಷ್ಟು ಕರಾವಳಿಯ ಮಳೆಗಾಲದ ಕಾಣಿಕೆ. ಅದು ತಿನ್ನುವುದು ಜೆಲಟಿನ್ ಪದರವನ್ನು. ತಿಂದ ಜಾಗದಲ್ಲಿ ಜೆಲಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ, ಆದ್ದರಿಂದ ತೊಳೆಯಬೇಡಿ. ಒದ್ದೆ ಬಟ್ಟೆ ತಾಗಿಸಿದರೂ ಚಿತ್ರ ಜಾರಿ ಬರಬಹುದು. ಔಷಧಿ ಅಂಗಡಿಯ ಸ್ಪಿರಿಟ್‌ನಲ್ಲೂ ನೀರಿದೆ, ಬೇಡ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ತಂದು, ಬೇಡವಾದ ಒಂದು ಫ್ರೇಮಿನ ಮೂಲೆಯಲ್ಲಿ ಪರೀಕ್ಷಿಸಿ, ಮೊದಲು ಹೊಳಪಿನ ಬದಿಯನ್ನು ಹತ್ತಿಕಡ್ಡಿಯಿಂದ ಒಂದೇ ದಿಕ್ಕಿಗೆ ಒರೆಸಿ. ಮಂಕು ಬದಿಯಲ್ಲಿ ಬೂಷ್ಟು ಪುಡಿಯಾಗಿ ಕೂತಿದ್ದರೆ ಮೆತ್ತನೆಯ ಬ್ರಷ್ಷಿನಿಂದ ತಟ್ಟಿ, ಒತ್ತಿ ಉಜ್ಜಬೇಡಿ. ಜೇಡರಬಲೆಯ ಹಾಗೆ ಕೊರೆದ ಗೆರೆಗಳು ಹೋಗುವುದಿಲ್ಲ. ಬಣ್ಣದ ಫಿಲ್ಮಾದರೆ ಐಸ್ ಅವುಗಳಲ್ಲಿ ಒಂದಿಷ್ಟನ್ನು ಮುಚ್ಚುತ್ತದೆ. ಈ ಕೆಲಸಕ್ಕೆ ಮಾಸ್ಕ್ ಹಾಕಿಕೊಳ್ಳಿ. ಬೂಷ್ಟು ಹಿಡಿದ ಪಟ್ಟಿಗಳನ್ನು ಒಳ್ಳೆಯವುಗಳಿಂದ ಬೇರೆಯಿಟ್ಟು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಒಣಗಿಸಿದ ಮೇಲಷ್ಟೇ ಸ್ಕ್ಯಾನರಿಗೆ ಹಾಕಿ.

ಪ್ರಶ್ನೆ: ಅಗ್ಫಾ ಕ್ಲಿಕ್ 3ರಲ್ಲಿ ತೆಗೆದ 120 ನೆಗೆಟಿವ್‌ಗಳ ಜೊತೆಗೆ, ಮುಚ್ಚಿಹೋದ ಸ್ಟುಡಿಯೋ ಒಂದರ 6×6 ನೆಗೆಟಿವ್‌ಗಳೂ ನಮ್ಮ ಮನೆಯಲ್ಲಿವೆ. ವಿ600 ಸಾಕೇ, ವಿ850 ಬೇಕೇ, ನಿಕಾನ್ 9000 ಹುಡುಕಲೇ? (ಮೈಸೂರು)

ಉತ್ತರ: ಕ್ಲಿಕ್ 3 ನೆಗೆಟಿವ್‌ಗೆ ಕೂಲ್‌ಸ್ಕ್ಯಾನ್ 9000 ಎಂದರೆ ಮೂಗಿಗಿಂತ ಮೂಗುತಿ ಭಾರ. ಆ ಡಬ್ಬಿ ಕ್ಯಾಮೆರಾದ ಸರಳ ಲೆನ್ಸು ಮಧ್ಯದಲ್ಲೇ ಮಿತವಾದ ವಿವರ ಕೊಡುತ್ತದೆ, ಅಂಚಿನಲ್ಲಿ ಇನ್ನೂ ಕಡಿಮೆ. ವಿ600 ಧಾರಾಳ ಸಾಕು. 56 ಮಿಮೀ ಬದಿಗೆ ನಿಜವಾದ 1600 ಡಿಪಿಐ ಲೆಕ್ಕ ಹಿಡಿದರೂ 3500 ಪಿಕ್ಸೆಲ್ ಸಿಗುತ್ತದೆ, ಅಂದರೆ 11 ಅಂಗುಲದ ಚೊಕ್ಕ ಮುದ್ರಣ. 35 ಮಿಮೀ ಫಿಲ್ಮಿಗಾದರೆ ಇದೇ ವಿ600 ಕೊಡುವುದು 7×5 ಅಂಗುಲ ಅಷ್ಟೇ. ಫ್ಲಾಟ್‌ಬೆಡ್ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಮುಗಿಯದಿರುವುದು ಇದರಿಂದಲೇ. ಒಬ್ಬರು ದೊಡ್ಡ ನೆಗೆಟಿವ್ ಇಟ್ಟುಕೊಂಡು ಹೊಗಳುತ್ತಾರೆ, ಇನ್ನೊಬ್ಬರು ಸಣ್ಣದನ್ನಿಟ್ಟುಕೊಂಡು ಬಯ್ಯುತ್ತಾರೆ.

ಸ್ಟುಡಿಯೋ ನೆಗೆಟಿವ್‌ಗಳು ಬೇರೆ ದರ್ಜೆ. ಯಾಶಿಕಾಮ್ಯಾಟ್, ರೋಲಿಫ್ಲೆಕ್ಸ್‌ನಂಥ ಕ್ಯಾಮೆರಾ, ಮುಕ್ಕಾಲಿ, ಒಳ್ಳೆಯ ದೀಪ ಇದ್ದ ಕಡೆ ತೆಗೆದದ್ದಾದರೆ ವಿ850 ಕೊಡುವ 5000 ಪಿಕ್ಸೆಲ್‌ಗೂ ಮಿಗಿಲಾದ ವಿವರ ಅವುಗಳಲ್ಲಿ ಇರುತ್ತದೆ. ಎಲ್ಲವನ್ನೂ ಫ್ಲಾಟ್‌ಬೆಡ್‌ನಲ್ಲಿ ಮಾಡಿ, ಪ್ರದರ್ಶನಕ್ಕೋ ಪುಸ್ತಕಕ್ಕೋ ಬೇಕಾದ ಕೆಲವನ್ನು ಮಾತ್ರ 9000 ಅಥವಾ ಫ್ಲೆಕ್ಸ್‌ಟೈಟ್ ಇರುವ ಲ್ಯಾಬಿಗೆ ಕೊಡುವುದು ಜಾಣತನ.

ಫ್ಲಾಟ್‌ಬೆಡ್ ಕೊಂಡವರಲ್ಲಿ ಬಹುಪಾಲು ಜನ ಮಾಡದ ಒಂದು ಕೆಲಸವೆಂದರೆ ಹೋಲ್ಡರಿನ ಎತ್ತರ ಹೊಂದಿಸುವುದು. ಫೋಕಸ್ ಗಾಜಿನಿಂದ ಸುಮಾರು 3 ಮಿಮೀ ಮೇಲೆ ಇರುತ್ತದೆ, ಆದರೆ ಒಂದು ಯಂತ್ರಕ್ಕೂ ಇನ್ನೊಂದಕ್ಕೂ ಚೂರು ಹೆಚ್ಚುಕಡಿಮೆ. ವಿ850 ಹೋಲ್ಡರಿನ ಕಾಲುಗಳನ್ನು ಸರಿಸಿ ಎತ್ತರ ಬದಲಿಸಬಹುದು. ವಿ600ರಲ್ಲಿ ಆ ಸೌಲಭ್ಯವಿಲ್ಲ, ಹೋಲ್ಡರಿನ ನಾಲ್ಕು ಮೂಲೆಗೆ ವಿಸಿಟಿಂಗ್ ಕಾರ್ಡಿನ ತುಂಡು ಇಡಬೇಕು. ಗ್ರೇನು ಎದ್ದು ಕಾಣುವ ಒಂದು ಫ್ರೇಮು ಆರಿಸಿ, ಶಾರ್ಪನಿಂಗ್ ಬಂದ್ ಮಾಡಿ, ಕಾರ್ಡಿಲ್ಲದೆ ಒಮ್ಮೆ, ಒಂದು ಕಾರ್ಡಿಟ್ಟು ಒಮ್ಮೆ, ಎರಡು, ಮೂರು ಎಂದು 3200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ನೂರು ಶೇಕಡಾ ಹಿಗ್ಗಿಸಿ ಹೋಲಿಸಿ. ಗ್ರೇನು ಎಲ್ಲಿ ಚೂಪೋ ಅದೇ ನಿಮ್ಮ ಎತ್ತರ, ಅಲ್ಲೇ ಅಂಟಿಸಿ. ವಿ700-850 ಸರಣಿಯಲ್ಲಿ ಫಿಲ್ಮನ್ನು ನೇರವಾಗಿ ಗಾಜಿನ ಮೇಲೆ ಹಾಸುವುದಾದರೆ ತಂತ್ರಾಂಶದಲ್ಲಿ ‘ಫಿಲ್ಮ್ ಏರಿಯಾ ಗೈಡ್’ ಆರಿಸಿ, ಆಗ ಯಂತ್ರ ಗಾಜಿನ ಮಟ್ಟಕ್ಕೆ ಫೋಕಸ್ ಆಗುವ ಎರಡನೇ ಲೆನ್ಸಿಗೆ ಬದಲಾಗುತ್ತದೆ.

120 ಫಿಲ್ಮು ನಡುವೆ ಜೋತುಬಿದ್ದರೆ ಮೇಲೊಂದು ಗಾಜು ಇಡಬೇಕಾಗುತ್ತದೆ. ಸಾದಾ ಗಾಜು ಫಿಲ್ಮಿನ ಹೊಳಪು ಬದಿಗೆ ತಾಗಿದರೆ ನೀರಿನ ಮೇಲೆ ತೇಲುವ ಎಣ್ಣೆಯಂಥ ಬಣ್ಣದ ಉಂಗುರಗಳು ಬರುತ್ತವೆ, ನ್ಯೂಟನ್ ಉಂಗುರ ಎಂಬುದು ಇವೇ. ಮಂಕು ಬದಿ ಗಾಜಿಗೆ ತಾಗುವಂತೆ ತಿರುಗಿಸಿ, ಇಲ್ಲವೇ ತರಿತರಿಯಾದ ಆಂಟಿ-ನ್ಯೂಟನ್ ಗಾಜು ತನ್ನಿ.

ಒಂದು ಎಚ್ಚರಿಕೆ. ಸ್ಟುಡಿಯೋ ನೆಗೆಟಿವ್‌ಗಳ ಮಂಕು ಬದಿಯಲ್ಲಿ ಪೆನ್ಸಿಲ್ ಗುರುತು, ಕೆಂಪು ಬಣ್ಣದ ಲೇಪ ಕಂಡರೆ ಕೊಳೆಯೆಂದು ಒರೆಸಿಬಿಡಬೇಡಿ. ಅದು ರೀಟಚ್ ಮಾಡಿದವರ ಕೈಕೆಲಸ. ಮೊಡವೆ ಅಳಿಸಿ, ಕಣ್ಣಿನ ಕೆಳಗಿನ ನೆರಳು ತಿಳಿಯಾಗಿಸಿದ್ದು ಆ ಪೆನ್ಸಿಲ್ಲೇ. ಆಲ್ಕೋಹಾಲ್ ತಾಗಿದರೆ ಹೋದೀತು.

ಪ್ರಶ್ನೆ: ಪುಟ್ಟ ಪರದೆ ಇರುವ, ಕಂಪ್ಯೂಟರೇ ಬೇಡದ, 22 ಮೆಗಾಪಿಕ್ಸೆಲ್ ಫಿಲ್ಮ್ ಸ್ಕ್ಯಾನರ್ ಆನ್‌ಲೈನಿನಲ್ಲಿ ಅಗ್ಗಕ್ಕಿದೆ. ಕೊಳ್ಳಬಹುದೇ? (ತುಮಕೂರು)

ಉತ್ತರ: ಅದು ಸ್ಕ್ಯಾನರ್ ಅಲ್ಲ, ಡಬ್ಬಿಯೊಳಗಿನ ಸಣ್ಣ ಕ್ಯಾಮೆರಾ. ಒಂದೇ ಕ್ಲಿಕ್ಕಿಗೆ ಫ್ರೇಮಿನ ಫೋಟೋ ತೆಗೆದು ಜೆಪೆಗ್ ಕೊಡುತ್ತದೆ. ಸೆನ್ಸರ್ 13-14 ಮೆಗಾಪಿಕ್ಸೆಲ್, 22 ಎಂಬುದು ಹಿಗ್ಗಿಸಿದ ಲೆಕ್ಕ. ಇನ್‌ಫ್ರಾರೆಡ್ ಇಲ್ಲ. ಬಿಳಿ ಭಾಗ ಸುಟ್ಟುಹೋದರೆ ಮರಳಿ ತರಲಾಗದು. ಯಾವ ಪಟ್ಟಿಯಲ್ಲಿ ಯಾರಿದ್ದಾರೆ ಎಂದು ತಿಳಿದು ವಾಟ್ಸಾಪಿಗೆ ಕಳಿಸಲು, ಒಳ್ಳೆಯದನ್ನು ಆರಿಸಿಕೊಳ್ಳಲು ಭೇಷಾದ ಯಂತ್ರ. ಇದರಲ್ಲಿ ಮಾಡಿ ಮುಗಿಸಿ ನೆಗೆಟಿವ್ ಎಸೆಯುವ ಯೋಚನೆಯಿದ್ದರೆ ಮಾತ್ರ ಬೇಡ.

ಪ್ರಶ್ನೆ: ಒಂದೇ ರೋಲಿನ ಫ್ರೇಮುಗಳು ಒಂದು ನೀಲಿ, ಒಂದು ಹಳದಿಯಾಗಿ ಬರುತ್ತವೆ. ಪ್ಲಸ್‌ಟೆಕ್ ಮತ್ತು ವ್ಯೂಸ್ಕ್ಯಾನ್ ಬಳಸುತ್ತೇನೆ. (ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಉತ್ತರ: ತಂತ್ರಾಂಶ ಪ್ರತಿ ಫ್ರೇಮಿಗೂ ಹೊಸದಾಗಿ ಊಹೆ ಮಾಡುತ್ತಿದೆ. ಹಸಿರು ತೋಟದ ಫ್ರೇಮು ಬಂದರೆ ಹಸಿರು ಹೆಚ್ಚಾಯಿತೆಂದು ಕೆನ್ನೀಲಿ ಸುರಿಯುತ್ತದೆ, ಅರಿಶಿನ ಶಾಸ್ತ್ರದ ಫ್ರೇಮು ಬಂದರೆ ಹಳದಿಯನ್ನೇ ತೆಗೆದುಹಾಕುತ್ತದೆ. ಅದರ ಊಹೆಯನ್ನು ಒಂದು ಕಡೆ ಕಟ್ಟಿಹಾಕಬೇಕು. ಅದಕ್ಕೆ ಆಧಾರ ಫಿಲ್ಮಿನ ಕಿತ್ತಳೆ ಬಣ್ಣ. ದ್ರವ್ಯಗಳ ದೋಷ ಸರಿತೂಗಿಸಲು ತಯಾರಕರೇ ಇಟ್ಟ ಮುಸುಕು ಅದು. ಕೊಡಾಕ್ ಗೋಲ್ಡ್‌ನದ್ದು ಒಂದು ಛಾಯೆ, ಫ್ಯೂಜಿಯದ್ದು ಒಂದು, ಕೊನಿಕಾದ್ದು ಇನ್ನೊಂದು, ಹಳೆಯದಾದಂತೆ ಅದೂ ಬದಲಾಗುತ್ತದೆ. ಹಾಗಾಗಿ ಸಿದ್ಧ ಪಟ್ಟಿಯಿಂದ ಫಿಲ್ಮಿನ ಹೆಸರು ಆರಿಸುವುದಕ್ಕಿಂತ ನಿಮ್ಮ ರೋಲನ್ನೇ ಅಳೆಯುವುದು ನಂಬಿಕಸ್ಥ ದಾರಿ.

ಎರಡು ಫ್ರೇಮುಗಳ ನಡುವಿನ ಖಾಲಿ ಗೆರೆ ಅಥವಾ ರೋಲಿನ ಮೊದಲ ಖಾಲಿ ಭಾಗ ಕಾಣುವಂತೆ ಹೋಲ್ಡರ್ ತಳ್ಳಿ. ಮೀಡಿಯಾದಲ್ಲಿ ಕಲರ್ ನೆಗೆಟಿವ್ ಆರಿಸಿ, ಕ್ರಾಪ್ ಚೌಕವನ್ನು ಆ ಕಿತ್ತಳೆ ಭಾಗದ ಮೇಲಷ್ಟೇ ಇಟ್ಟು ಪ್ರಿವ್ಯೂ ಒತ್ತಿ. ರಂಧ್ರಗಳಾಗಲಿ ಬರಿ ಬೆಳಕಾಗಲಿ ಚೌಕದೊಳಗೆ ಸೇರಬಾರದು. ಇನ್‌ಪುಟ್ ಪುಟದಲ್ಲಿ ‘ಲಾಕ್ ಎಕ್ಸ್‌ಪೋಶರ್’ ಗುರುತು ಹಾಕಿ, ಮತ್ತೊಮ್ಮೆ ಪ್ರಿವ್ಯೂ ಮಾಡಿ, ಆಗ ಕಾಣಿಸಿಕೊಳ್ಳುವ ‘ಲಾಕ್ ಫಿಲ್ಮ್ ಬೇಸ್ ಕಲರ್’ಗೂ ಗುರುತು ಹಾಕಿ. ಈಗ ಚೌಕವನ್ನು ಫ್ರೇಮಿಗೆ ತಂದು ರೋಲು ಪೂರ್ತಿ ಇದೇ ಲಾಕಿನಲ್ಲಿ ಮಾಡಿ. ರೋಲು ಬದಲಾದಾಗ ಲಾಕ್ ಬಿಚ್ಚಿ ಮೊದಲಿಂದ ಮಾಡಬೇಕು, ಇದನ್ನು ಮರೆತು ಇಡೀ ಸಂಜೆ ಹಾಳು ಮಾಡಿಕೊಳ್ಳುವುದು ಸುಲಭ. ವೃತ್ತಿಪರ ಆವೃತ್ತಿ ಇದ್ದರೆ ರಾ ಕಡತವನ್ನೂ, ಅಂದರೆ ಸ್ಕ್ಯಾನರ್ ಓದಿದ್ದನ್ನು ತಿದ್ದದೆ ಹಾಗೇ ಇಡುವ ಕಡತವನ್ನೂ, ಉಳಿಸಿ, ಬಣ್ಣ ಮನಸ್ಸಿಗೆ ಬಾರದಿದ್ದರೆ ಫಿಲ್ಮು ಮುಟ್ಟದೆಯೇ ಮತ್ತೆ ಪ್ರಯತ್ನಿಸಬಹುದು.

ಪ್ರಶ್ನೆ: 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸು ಎರಡೂ ಇವೆ. ಸ್ಕ್ಯಾನರ್ ಬೇಕೇ? (ಬೆಂಗಳೂರು)

ಉತ್ತರ: ಲೆನ್ಸು 1:1 ತಲುಪುವುದಾದರೆ, ಅಂದರೆ ಫ್ರೇಮನ್ನು ಅದರ ನಿಜಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸುವುದಾದರೆ, 36 ಮಿಮೀ ಅಗಲಕ್ಕೆ 6000 ಪಿಕ್ಸೆಲ್, ಅಂದರೆ 4200 ಡಿಪಿಐ. ಕೂಲ್‌ಸ್ಕ್ಯಾನಿಗೆ ಸರಿಸಮ, ವೇಗದಲ್ಲಿ ಅದಕ್ಕಿಂತ ಎಷ್ಟೋ ಮುಂದೆ. ಹೊಂದಿಸಿಕೊಂಡ ಮೇಲೆ ಆರು ಫ್ರೇಮಿನ ಪಟ್ಟಿಗೆ ಒಂದು ನಿಮಿಷ ಸಾಕು. ಕಪ್ಪು-ಬಿಳುಪೇ ಹೆಚ್ಚಿದ್ದರೆ ಇನ್‌ಫ್ರಾರೆಡ್ ಹೇಗೂ ಕೆಲಸಕ್ಕೆ ಬಾರದು, ಆದ್ದರಿಂದ ಸ್ಕ್ಯಾನರ್ ಬೇಡವೇ ಬೇಡ. ಧೂಳುಗೀರು ತುಂಬಿದ ಬಣ್ಣದ ಫಿಲ್ಮಾದರೆ ಸ್ಕ್ಯಾನರಿನ ಪಕ್ಷವೇ ಗೆಲ್ಲುತ್ತದೆ.

ಸೋಲುವುದು ಸಾಮಾನ್ಯವಾಗಿ ಎರಡು ಕಡೆ. ಕ್ಯಾಮೆರಾ ಮತ್ತು ಫಿಲ್ಮು ಸಮಾನಾಂತರವಾಗಿಲ್ಲದಿದ್ದರೆ ಒಂದು ಬದಿ ಮಸುಕಾಗುತ್ತದೆ. ಫಿಲ್ಮಿಡುವ ಜಾಗದಲ್ಲಿ ಸಣ್ಣ ಕನ್ನಡಿ ಇಟ್ಟು, ಲೆನ್ಸಿನ ಪ್ರತಿಬಿಂಬ ಪರದೆಯ ನಟ್ಟನಡುವೆ ಬರುವಂತೆ ಕ್ಯಾಮೆರಾ ಹೊಂದಿಸಿ. ಇನ್ನೊಂದು ಬೆಳಕು. ಬಣ್ಣ ಸರಿಯಾಗಿ ತೋರುವ, ಸಿಆರ್‌ಐ 95ಕ್ಕೆ ಕಮ್ಮಿಯಿಲ್ಲದ ಎಲ್‌ಇಡಿ ಫಲಕ ಬೇಕು. ಮೊಬೈಲ್ ಪರದೆಯ ಮೇಲೆ ನೇರವಾಗಿ ಫಿಲ್ಮಿಟ್ಟರೆ ಅದರ ಪಿಕ್ಸೆಲ್‌ಗಳೇ ಚಿತ್ರದಲ್ಲಿ ಮೂಡುತ್ತವೆ. ಹಾಲುಬಿಳಿ ಅಕ್ರಿಲಿಕ್ ಹಾಳೆಯನ್ನು ನಡುವೆ ಇಟ್ಟು ಫಿಲ್ಮನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ. ಕೋಣೆಯ ದೀಪ ಆರಿಸಿ, ಫ್ರೇಮಿನ ಸುತ್ತಲಿನ ಬರಿ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ. ಐಎಸ್‌ಒ 100, ಎಫ್/8, ಟೈಮರ್, ರಾ. ಬಣ್ಣ ತಿರುಗಿಸಲು ಉಚಿತವಾದ ಡಾರ್ಕ್‌ಟೇಬಲ್‌ನ ನೆಗಡಾಕ್ಟರ್, ಇಲ್ಲವೇ ಲೈಟ್‌ರೂಮ್ ಇದ್ದವರಿಗೆ ನೆಗೆಟಿವ್ ಲ್ಯಾಬ್ ಪ್ರೊ.

ಪ್ರಶ್ನೆ: ಡಬ್ಬಿ ತೆರೆದರೆ ವಿನೆಗರ್ ವಾಸನೆ ಬರುತ್ತದೆ. ಫಿಲ್ಮು ಅಲೆಅಲೆಯಾಗಿದೆ. (ಶಿರಸಿ)

ಉತ್ತರ: ಅಸಿಟೇಟ್ ಫಿಲ್ಮಿನ ತಳ ಒಡೆದು ಅಸಿಟಿಕ್ ಆಮ್ಲ ಹೊರಬರುತ್ತಿದೆ. ಶಾಖ, ತೇವ ಎರಡೂ ಅದನ್ನು ಚುರುಕುಗೊಳಿಸುತ್ತವೆ, ಹೊರಬಂದ ಆಮ್ಲದ ಆವಿ ಅಕ್ಕಪಕ್ಕದ ಫಿಲ್ಮಿಗೂ ಹಬ್ಬುತ್ತದೆ. ಗುಣವಾಗುವ ಕಾಯಿಲೆಯಲ್ಲ, ನಿಧಾನಗೊಳಿಸಬಹುದಷ್ಟೇ. ಇವತ್ತೇ ಆ ಪಟ್ಟಿಗಳನ್ನು ತಗಡಿನ ಡಬ್ಬಿಯಿಂದ ತೆಗೆದು, ಗಾಳಿಯಾಡುವ ಕಾಗದದ ಲಕೋಟೆಗೆ ಹಾಕಿ, ಉಳಿದ ಫಿಲ್ಮಿರುವ ಬೀರುವಿನಿಂದ ದೂರ ಇಡಿ. ಸ್ಕ್ಯಾನಿಂಗ್ ಸರದಿಯಲ್ಲಿ ಇವು ಮೊದಲು. ಕುಗ್ಗಿ ಅಲೆಯಾದ ಫಿಲ್ಮನ್ನು ತಾನೇ ಎಳೆದುಕೊಳ್ಳುವ ಯಂತ್ರಕ್ಕೆ ಎಂದೂ ಕೊಡಬೇಡಿ, ಒಳಗೆ ಸಿಕ್ಕಿಕೊಂಡರೆ ಎರಡಕ್ಕೂ ಕೇಡು. ಆಂಟಿ-ನ್ಯೂಟನ್ ಗಾಜುಗಳ ನಡುವೆ ಮೆಲ್ಲಗೆ ಒತ್ತಿ ಫ್ಲಾಟ್‌ಬೆಡ್‌ನಲ್ಲೋ ಕ್ಯಾಮೆರಾದಲ್ಲೋ ತೆಗೆಯಿರಿ. ತಳ ಕುಗ್ಗಿ, ಚಿತ್ರವಿರುವ ಪದರವಾದ ಎಮಲ್ಷನ್ ಸುಕ್ಕು ಸುಕ್ಕಾಗಿ ಎದ್ದಿದ್ದರೆ ಒತ್ತಲೂ ಬೇಡಿ, ಹೇಗಿದೆಯೋ ಹಾಗೇ ಚಿತ್ರ ತೆಗೆದಿಡಿ.

ಪ್ರಶ್ನೆ: ಟಿಫ್ ಇಡಬೇಕೋ ಜೆಪೆಗ್ ಸಾಕೋ? (ದಾವಣಗೆರೆ)

ಉತ್ತರ: 4000 ಡಿಪಿಐ, 48 ಬಿಟ್ ಬಣ್ಣದ ಟಿಫ್ ಒಂದಕ್ಕೆ ಸುಮಾರು 128 ಎಂಬಿ, ಸಾವಿರ ಫ್ರೇಮಿಗೆ 128 ಜಿಬಿ. 16 ಬಿಟ್ ಕಪ್ಪು-ಬಿಳುಪಾದರೆ ಮೂರನೇ ಒಂದು ಪಾಲು. ಇಂದಿನ ಡಿಸ್ಕಿಗೆ ಇದು ಭಾರವಲ್ಲ. ಟಿಫ್ ಎರಡು ಡಿಸ್ಕಿನಲ್ಲಿ, ಬೇರೆ ಬೇರೆ ಮನೆಯಲ್ಲಿ. ಹಂಚಲು ಜೆಪೆಗ್.

ಪ್ರಶ್ನೆ: ಫಿಲ್ಮಿನ ಯಾವ ಬದಿ ಮೇಲಿರಬೇಕು? ಕೆಲವು ಚಿತ್ರಗಳು ಎಡಬಲ ತಿರುಗಿವೆಯೇನೋ ಎಂಬ ಅನುಮಾನ. (ಮಡಿಕೇರಿ)

ಉತ್ತರ: ಅಂಚಿನಲ್ಲಿ ಮುದ್ರಿಸಿದ ಕಂಪನಿಯ ಹೆಸರು, ಫ್ರೇಮಿನ ಸಂಖ್ಯೆ ನೇರವಾಗಿ ಓದುವಂತೆ ಹಿಡಿದರೆ ಹೊಳಪಿನ ಬದಿ ನಿಮ್ಮ ಕಡೆಗಿದೆ, ಚಿತ್ರವೂ ನೇರವಾಗಿದೆ. ಯಂತ್ರಕ್ಕೆ ಯಾವ ಬದಿ ಬೇಕೋ ಅದು ಹೋಲ್ಡರಿನ ಮೇಲೇ ಬರೆದಿರುತ್ತದೆ. ಉಲ್ಟಾ ಹಾಕಿದರೂ ನಷ್ಟವೇನಿಲ್ಲ, ತಂತ್ರಾಂಶದಲ್ಲಿ ಅಡ್ಡಕ್ಕೆ ತಿರುಗಿಸಿದರಾಯಿತು. ಈಗಾಗಲೇ ಸ್ಕ್ಯಾನ್ ಆದವನ್ನು ಪತ್ತೆಹಚ್ಚಲು ಅಂಗಡಿಯ ಬೋರ್ಡು, ಬಸ್ಸಿನ ನಂಬರು ಹುಡುಕಿ. ಅದೂ ಇಲ್ಲದಿದ್ದರೆ ಗಂಡಸರ ಅಂಗಿಯ ಜೇಬು ನೋಡಿ, ಅದು ಅವರ ಎಡ ಎದೆಯ ಮೇಲಿರಬೇಕು. ಸೀರೆಯ ಸೆರಗು ಎಡ ಹೆಗಲ ಮೇಲೆ ಇರಬೇಕು ಎಂಬ ಲೆಕ್ಕ ಉಳಿದ ಊರುಗಳಲ್ಲಿ ನಡೆಯುತ್ತದೆ. ನಿಮ್ಮಲ್ಲಿ ನಡೆಯದು, ಕೊಡವ ಶೈಲಿಯಲ್ಲಿ ಉಟ್ಟ ಸೀರೆಯ ಸೆರಗು ಬಲ ಹೆಗಲ ಮೇಲೇ ಬರುತ್ತದೆ.